ಎದುರು ಭಾರ

"ಎಡಕ್ಕೆ ಬಾಗಿ ಅಣ್ಣಾ, ಎಡಕ್ಕೆ! ಮೀನು ಅಲ್ಲಿದೆ!"

ಸೂಸೈ ಬಲಕ್ಕೇ ಬಾಗಿದ. ಕಣ್ಣಿಗೆ ಕಟ್ಟಿದ್ದ ವಿಡಿಯೊ ಆಟದ ಪೆಟ್ಟಿಗೆಯೊಳಗಿನ ಕಡಲಲ್ಲಿ ಮೀನು ಮುಳುಗಿ ಮಾಯವಾಯಿತು. ಕೆಂಪು ದೀಪ ಹತ್ತಿತು.

ವ್ಯಾಯಾಮ ಮಾಡಿಸುವ ಮಲರ್ ಪೆಟ್ಟಿಗೆ ಬಿಚ್ಚಿದಳು. ತೂತ್ತುಕುಡಿಯ ಆಸ್ಪತ್ರೆಯ ಗೋಡೆ, ಸೊಂಟಕ್ಕೆ ಬಿಗಿದ ಪಟ್ಟಿ, ಕಾಲಡಿಯಲ್ಲಿ ಅಲ್ಲಾಡುವ ಹಲಗೆ ಎಲ್ಲವೂ ವಾಪಸು ಬಂದವು.

"ಲಕ್ವ ಹೊಡೆದ ಕಾಲಿಗೆ ಯಾರೂ ಭಾರ ಹಾಕಲ್ಲ. ನೀವು ನೋಡಿದ್ರೆ ಅದರ ಮೇಲೇ ನಿಲ್ತೀರಿ. ಮೀನು ಎಡಕ್ಕೆ ಬಂದ್ರೆ ಬಲಕ್ಕೆ ಓಡ್ತೀರಿ. ಮೀನಿನ ಮೇಲೆ ಏನು ಕೋಪ?"

"ಎಡಗಡೆ ಅರುಳಪ್ಪನ್ ಬಲೆ ಎಳೀತಿರ್ತಾನೆ ತಾಯಿ. ನಾನೂ ಅಲ್ಲಿಗೇ ಹೋದ್ರೆ ದೋಣಿ ಮಗುಚಲ್ವಾ?"

"ಯಾವ ಅರುಳಪ್ಪನ್? ಆಟದ ದೋಣೀಲಿ ಇರೋದು ನೀವೊಬ್ರೇ."

"ಒಬ್ನೇ ಯಾವನು ಕಡಲಿಗೆ ಹೋಗ್ತಾನೆ?"

ಅವಳು ನಕ್ಕಳು. ಹಸಿರು ದೀಪ ಹತ್ತುವವರೆಗೆ ಡಾಕ್ಟರು ಕಡಲಿಗೆ ಬಿಡುವುದಿಲ್ಲವೆಂದು ಇನ್ನೊಮ್ಮೆ ಹೇಳಿದಳು. ಸೂಸೈಗೆ ಅದು ಗೊತ್ತಿತ್ತು. ಡಾಕ್ಟರು ಹೂಂ ಅಂದ ದಿನ ದೋಣಿಯಲ್ಲಿ ನಿನ್ನ ಜಾಗ ನಿನಗೇ ಎಂದು ಜೊತೆಗಾರ ಅರುಳಪ್ಪನ್ ಮಾತು ಕೊಟ್ಟಿದ್ದ. ಆ ಮಾತಿಗಾಗಿಯೇ ಸೂಸೈ ಕಾಲೆಳೆಯುತ್ತಾ ಬಸ್ಸು ಹತ್ತಿ ಬರುತ್ತಿದ್ದ.

"ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬನ್ನಿ ಅಂದಿದ್ದೆ."

"ಎಲ್ರೂ ಕಡಲಲ್ಲಿರ್ತಾರೆ."

ಭಾನುವಾರ ಯಾರೂ ಕಡಲಿಗಿಳಿಯುವುದಿಲ್ಲ. ಚರ್ಚಿನ ಪೂಜೆ ಮುಗಿಸಿ ಸೂಸೈ ಮರಳಿನ ಮೇಲೆ ಕೋಲೂರಿಕೊಂಡು ದೋಣಿಯ ಹತ್ತಿರ ಹೋದ. ಅರುಳಪ್ಪನ್ ಬಲೆ ಹೊಲಿಯುತ್ತಿದ್ದ. ಅವನ ಹೆಂಡತಿಯ ತಮ್ಮ ರಾಯಪ್ಪನ್ ದೋಣಿಯ ಬಲಗಡೆ ಕೂತು ಬೀಡಿ ಸೇದುತ್ತಿದ್ದ.

"ಬಾ ಮಚ್ಚಾ! ಏಡಿ ಥರ ಅಡ್ಡಡ್ಡ ನಡೀತಿದ್ದೀಯಲ್ಲೋ!" ಎಂದ ಅರುಳಪ್ಪನ್.

"ಡಾಕ್ಟರು ಇನ್ನೇನು ಹೂಂ ಅಂತಾರೆ."

ಅರುಳಪ್ಪನ್ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದ. ತಲೆ ಎತ್ತಲಿಲ್ಲ. "ಎಷ್ಟು ದಿನ ಅಂತ ಕಾಯ್ಲಿ? ಇವನಿಗೆ ಮಾತು ಕೊಟ್ಟಾಯ್ತು. ನೀನು ದಡದಲ್ಲಿ ಬಲೆ ಹೊಲಿ. ಟೀ ಕುಡ್ಕೊಂಡು ರಾಜನ ಥರ ಇರ್ಬಹುದು."

"ಇವನಿಗೆ ಎದುರು ಭಾರ ಕೊಡೋಕೆ ಬರಲ್ಲ. ನೀನು ಎಳೆಯೋವಾಗ ಇವನೂ ಅಲ್ಲಿಗೇ ಬಗ್ಗಿದ್ರೆ ಮುಳುಗಿಸ್ತಾನೆ."

"ಮುಳುಗಿದ್ರೆ ಇಬ್ರೂ ಒಟ್ಟಿಗೇ ಮುಳುಗ್ತೀವಿ ಬಿಡು," ಎಂದು ಅರುಳಪ್ಪನ್ ನಕ್ಕ. ರಾಯಪ್ಪನ್ ಕೂಡ ನಕ್ಕ. ಸೂಸೈಗೆ ಕೂರಲು ಯಾರೂ ಜಾಗ ಬಿಡಲಿಲ್ಲ.

ಸೋಮವಾರ ಹೊತ್ತು ಮೀರಿದ್ದರಿಂದ ಅವನು ಬರುವುದಿಲ್ಲವೆಂದೇ ಮಲರ್ ಅಂದುಕೊಂಡಿದ್ದಳು. ಅವನು ಬಸ್ಸು ತಪ್ಪಿಸಿಕೊಂಡು, ತಡವಾಗಿ ಬಂದ. ಕೋಲನ್ನು ಗೋಡೆಗೊರಗಿಸಿ ಹಲಗೆ ಹತ್ತಿದ. ಅವಳು ಪೆಟ್ಟಿಗೆ ಕಟ್ಟಿದಳು.

ಮೀನು ಎಡಕ್ಕೆ ಬಂತು. ಸೂಸೈ ಎಡಕ್ಕೆ ಬಾಗಿದ. ಬಲಕ್ಕೆ ಬಂತು, ಬಲಕ್ಕೆ ಬಾಗಿದ. ಸೋತ ಕಾಲು ನಡುಗಿತು, ಆದರೆ ತಡೆಯಿತು. ದೋಣಿ ಮಗುಚಲಿಲ್ಲ. ಹಸಿರು ದೀಪ ಹತ್ತಿತು.

"ಅಣ್ಣಾ! ಗೆದ್ದುಬಿಟ್ರಿ!" ಮಲರ್ ಚಪ್ಪಾಳೆ ತಟ್ಟಿದಳು. "ನಾನೇ ಡಾಕ್ಟರಿಗೆ ಹೇಳ್ತೀನಿ. ಬಿಚ್ಲಾ?"

"ಸ್ವಲ್ಪ ಇರಿ."

ಅವನು ನಿಧಾನವಾಗಿ ಕತ್ತು ತಿರುಗಿಸಿ ಆಟದ ದೋಣಿಯ ಎಡಬದಿಯನ್ನು, ಅರುಳಪ್ಪನ್ ಇರಬೇಕಿದ್ದ ಜಾಗವನ್ನು, ನೋಡಿದ. ಅಲ್ಲಿನ ಹಲಗೆ ಒಣಗಿತ್ತು. ಅದರಾಚೆ ಸದ್ದಿಲ್ಲದ ನೀರು.