ಹನ್ನೆರಡನೆಯ ಅರ್ಜಿ

"ಸಾರ್, ಆ ತುದಿ ಸ್ವಲ್ಪ ಹಿಡ್ಕೊಳ್ತೀರಾ?" ಎಂದು ಬಡಗಿ ಟೇಪು ಚಾಚಿದ. ಭೌತಶಾಸ್ತ್ರದ ಮೇಷ್ಟ್ರು ಹಿಡಿದುಕೊಂಡರು. ತಮ್ಮ ಪ್ರಯೋಗಾಲಯವನ್ನು ಆಟದ ಸಾಮಾನಿನ ಕೋಣೆ ಮಾಡಲು ಬಂದವನಿಗೆ ತಾವೇ ಕೈಜೋಡಿಸುತ್ತಿದ್ದೇವೆ ಎಂದು ಹೊಳೆಯುವಷ್ಟರಲ್ಲಿ ಅವನು ಅಳತೆಯನ್ನು ಅಂಗೈ ಮೇಲೆ ಬರೆದುಕೊಂಡಾಗಿತ್ತು. ಅದೂ ತಪ್ಪು. ಟೇಪು ನಡುವೆ ಜೋತುಬಿದ್ದಿತ್ತು. ಇಪ್ಪತ್ತೆರಡು ವರ್ಷದ ಚಾಳಿ ಎಲ್ಲಿ ಬಿಟ್ಟೀತು, ಮೇಷ್ಟ್ರು ಬಿಗಿಯಾಗಿ ಎಳೆದು ಹಿಡಿದು ಇನ್ನೊಮ್ಮೆ ಸರಿಯಾಗಿ ಅಳೆಸಿದರು.

ಆ ವರ್ಷದಿಂದ ಒಂಬತ್ತನೆಯ ತರಗತಿಯ ಮಕ್ಕಳು ಭೌತಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾಗಿತ್ತು. ಹನ್ನೆರಡು ಅರ್ಜಿ ಬಂದರೆ ವಿಷಯ ಉಂಟು, ಇಲ್ಲವಾದರೆ ಇಲ್ಲ. ಶುಕ್ರವಾರ ಸಂಜೆ ನಾಲ್ಕಕ್ಕೆ ಗಡುವು. ಗುರುವಾರದವರೆಗೆ ಮೇಷ್ಟ್ರ ಕೈಗೆ ಬಂದಿದ್ದು ಹನ್ನೊಂದು. ಗಡುವಿಗೆ ಮೊದಲೇ ಬಡಗಿಯನ್ನು ಕರೆಸಿದ್ದೇಕೆಂದು ಕೇಳಿದ್ದಕ್ಕೆ ಮುಖ್ಯೋಪಾಧ್ಯಾಯಿನಿ, ಮುಂದಿನ ವಾರ ಅವನು ಸಿಗುವುದಿಲ್ಲವಂತೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಿದ್ದರು. ಜೊತೆಗೆ, ಚಿಕ್ಕ ತರಗತಿಗಳಿಗೆ ಸಾಮಾನ್ಯ ಜ್ಞಾನ ಹೇಳಿಕೊಡುವವರು ಯಾರೂ ಇಲ್ಲವೆಂದೂ ಸೇರಿಸಿದ್ದರು.

ಮೇಷ್ಟ್ರು ಮನೆ ಮನೆ ತಿರುಗಿದ್ದೂ ಆಗಿತ್ತು. ಒಬ್ಬ ದರ್ಜಿ ಸೂಜಿಗೆ ದಾರ ಪೋಣಿಸುತ್ತಲೇ ಎಲ್ಲ ಕೇಳಿಸಿಕೊಂಡು, ಅದರಲ್ಲಿ ಲೆಕ್ಕ ಬರುತ್ತದೆಯೇ ಎಂದು ವಿಚಾರಿಸಿದ. ಬರುತ್ತದೆ ಎಂದರು, ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಲ್ಲಿಗೆ ಮಾತು ಮುಗಿಯಿತು.

ಜೀವಶಾಸ್ತ್ರದ ಮೇಡಂ ಬಳಿ ಅರ್ಜಿಗಳು ಐವತ್ತರ ಹತ್ತಿರ ಬಂದಿದ್ದವು. ಶಿಕ್ಷಕರ ಕೊಠಡಿಯಲ್ಲಿ ಚಹಾ ಆರಿಸಿಕೊಳ್ಳುತ್ತ, ಕಪ್ಪೆ ಕಂಡರೆ ಕಿರುಚುವವರು ನಾಲ್ಕು ಜನ ಇದ್ದಾರೆ, ಬೇಕಾದರೆ ಹೆದರಿಸಿ ಈ ಕಡೆ ಓಡಿಸಿಕೊಡುತ್ತೇನೆ ಎಂದು ನಗಿಸಿದರು. ಆಮೇಲೆ ಲೋಟ ಕೆಳಗಿಟ್ಟರು.

"ನಿಮ್ಮ ಮಗಳನ್ನ ಮಾತ್ರ ಕೇಳ್ಬೇಡಿ ಸಾರ್. ಅವಳು ಬರೆಯೋ ಎಲೆ ಚಿತ್ರ ನೋಡಿದೀರಾ? ನರ ನರ ಎಣಿಸಿ ಬರೀತಾಳೆ. ನಂಗೇ ಅಷ್ಟು ತಾಳ್ಮೆ ಇಲ್ಲ."

ಛೆ ಛೆ, ಎಲ್ಲಾದರೂ ಉಂಟೇ, ಎಂದರು ಮೇಷ್ಟ್ರು. ಎಲೆಯ ಚಿತ್ರವನ್ನು ಅವರು ನೋಡಿರಲಿಲ್ಲ.

ಮಗಳ ಅರ್ಜಿ ಸೋಮವಾರದಿಂದ ಊಟದ ಮೇಜಿನ ಮೇಲೆಯೇ ಇತ್ತು. ಗುಂಡು ಅಕ್ಷರದಲ್ಲಿ ಜೀವಶಾಸ್ತ್ರ ಎಂದು ಬರೆದಿದ್ದಳು. ಕೆಳಗೆ ಪೋಷಕರ ಸಹಿ ಒಂದೇ ಬಾಕಿ. ಮೇಷ್ಟ್ರು ದಿನವೂ ಅದನ್ನು ಎತ್ತಿ ನೋಡಿ, ನಾಳೆ ಹಾಕಿದರಾಯಿತು ಎಂದು ಇಟ್ಟುಬಿಡುತ್ತಿದ್ದರು.

ಗುರುವಾರದ ಊಟದ ಹೊತ್ತಿಗೆ ಹೆಂಡತಿಗೆ ಸಾಕಾಯಿತು. "ಊರ ಮಕ್ಕಳ ಅರ್ಜಿಗೆ ಚಪ್ಪಲಿ ಸವೆಸ್ತೀರಿ. ಮನೆ ಮಗಳ ಅರ್ಜಿಗೆ ಪೆನ್ನಲ್ಲಿ ಶಾಯಿ ಇಲ್ವಾ?"

ಮೇಷ್ಟ್ರು ಬಡಗಿಯ ಟೇಪಿನ ಕಥೆ ಹೇಳಿದರು, ತಾವೇ ತುದಿ ಹಿಡಿದದ್ದನ್ನೂ ಬಿಡದೆ. ಚೆನ್ನಾಗಿಯೇ ಹೇಳಿದರು. ಹೆಂಡತಿ ನಕ್ಕಳು. ಮಗಳು ತಟ್ಟೆ ತೆಗೆದುಕೊಂಡು ಎದ್ದುಹೋದಳು.

ಬೆಳಿಗ್ಗೆ ಅರ್ಜಿ ಅವರ ಚೀಲದ ಮೇಲಿತ್ತು. ಜೀವಶಾಸ್ತ್ರದ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದು, ಪಕ್ಕದಲ್ಲಿ ಭೌತಶಾಸ್ತ್ರ ಎಂದು ಬರೆದಿತ್ತು. ಮಗಳು ಬಾಗಿಲ ಬಳಿ ಬಗ್ಗಿ ಶೂ ಲೇಸು ಕಟ್ಟುತ್ತಿದ್ದಳು.

"ಏನು ಪುಟ್ಟಿ ಇದು?"

"ಜೀವಶಾಸ್ತ್ರಕ್ಕೆ ಐವತ್ತು ಜನ ಇದಾರಪ್ಪ. ಸೂಕ್ಷ್ಮದರ್ಶಕ ಇರೋದು ಆರೇ. ನನ್ನ ಸರದಿ ಬರೋದ್ರೊಳಗೆ ಪರೀಕ್ಷೆ ಬಂದಿರುತ್ತೆ."

ಲೆಕ್ಕ ಸರಿಯಾಗಿಯೇ ಇತ್ತು. ಪ್ರಯೋಗ ಮಾಡದೆಯೇ ಕೆಲವು ಮಕ್ಕಳು ಪುಸ್ತಕದಲ್ಲಿ ಉತ್ತರ ನೋಡಿಕೊಂಡು, ಅದಕ್ಕೆ ಹೊಂದುವ ಅಳತೆಗಳನ್ನು ಹಿಂದಿನಿಂದ ಮುಂದಕ್ಕೆ ತುಂಬುತ್ತಾರೆ. ಆ ಅಳತೆಗಳಲ್ಲಿ ಎಂದೂ ತಪ್ಪಿರುವುದಿಲ್ಲ, ಸಿಕ್ಕಿಬೀಳುವುದೂ ಅದಕ್ಕೇ. ಇಪ್ಪತ್ತೆರಡು ವರ್ಷ ಮೇಷ್ಟ್ರು ಅಂಥ ಪುಟಗಳನ್ನು ಹರಿದು, ಹೋಗಿ ಮತ್ತೆ ಮಾಡು ಎಂದು ಕಳಿಸಿದ್ದರು.

"ನಾನೇನಾದ್ರೂ ನಿನ್ನ ಕೇಳಿದ್ನಾ?"

"ಇಲ್ಲಪ್ಪ." ಲೇಸಿನ ಗಂಟು ಯಾಕೋ ಸರಿಬರಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದಳು. "ನಾಲ್ಕು ದಿನದಿಂದ ನೀವು ಏನೂ ಕೇಳ್ತಾ ಇಲ್ಲ."

ಮೇಷ್ಟ್ರು ಚೀಲವನ್ನೇ ಒತ್ತು ಕೊಟ್ಟುಕೊಂಡು ಸಹಿ ಹಾಕಿದರು. ಪೆನ್ನಿನಲ್ಲಿ ಶಾಯಿ ಬೇಕಾದಷ್ಟಿತ್ತು.

ಮುಖ್ಯೋಪಾಧ್ಯಾಯಿನಿ ಅರ್ಜಿಗಳನ್ನು ಎರಡು ಸಲ ಎಣಿಸಿ, ಕೊನೆಯದರ ಹೆಸರನ್ನು ಓದಿ, "ಮನೇಲೇ ಇತ್ತಲ್ಲ ಸಾರ್, ಸುಮ್ಮನೆ ಊರೆಲ್ಲ ಸುತ್ತಿದ್ರಿ," ಎಂದರು. ಜೀವಶಾಸ್ತ್ರದ ಮೇಡಂ ಆ ದಿನ ತಮಾಷೆ ಮಾಡಲಿಲ್ಲ. ಮೇಷ್ಟ್ರು ಕೊಠಡಿಗೆ ಬಂದಾಗ ಉತ್ತರಪತ್ರಿಕೆ ತಿದ್ದುತ್ತಿದ್ದರು, ತಿದ್ದುತ್ತಲೇ ಇದ್ದರು.

ಎರಡನೆಯ ವಾರ ಲೋಲಕದ ಪ್ರಯೋಗ. ಮೇಷ್ಟ್ರು ಕೊಕ್ಕೆಗೆ ದಾರ ಕಟ್ಟಿ ಗುಂಡನ್ನು ತೂಗಿಬಿಟ್ಟು, ಇಪ್ಪತ್ತು ತೂಗಾಟ ಎಣಿಸಿ, ನಡುವೆ ಕಣ್ಣು ತೆಗೆಯಬೇಡಿ ಎಂದರು. ಹನ್ನೆರಡು ಗಂಟಲುಗಳು ಒಟ್ಟಿಗೆ ಎಣಿಸತೊಡಗಿದವು.

ಹತ್ತು ದಾಟಿತ್ತೋ ಇಲ್ಲವೋ, ಹೊರಗೆ ಗದ್ದಲವಾಯಿತು. ಜೀವಶಾಸ್ತ್ರದ ಮಕ್ಕಳು ಎಲೆ ಆರಿಸಲು ಅಂಗಳಕ್ಕೆ ಬಂದಿದ್ದರು. ಯಾರೋ ಮರಕ್ಕೆ ಹತ್ತಿದ್ದರು, ಮೇಡಂ ಕೆಳಗೆ ನಿಂತು ಬೈಯುತ್ತ ನಗುತ್ತಿದ್ದರು. ಎಣಿಕೆ ತಡವರಿಸಿತು. ಹನ್ನೊಂದು ತಲೆಗಳು ಕಿಟಕಿಯ ಕಡೆ ತಿರುಗಿದವು. ಮೇಷ್ಟ್ರೂ ತಿರುಗಿದರು.

ಹಿಂದಿನಿಂದ ಒಂದೇ ದನಿ, ಏರದೆ ಇಳಿಯದೆ, ಎಣಿಸುತ್ತಲೇ ಇತ್ತು. "ಹದಿನಾಲ್ಕು. ಹದಿನೈದು. ಹದಿನಾರು."