ಸುಬ್ಬಿ ನಡೆದ ಗೆರೆ

"ಆಚೆ ಸರಿಯೇ ಮುಂಡೆ! ಹೇಳಿದಲ್ಲಿ ನಡಿ. ಗೆರೆ ಸೊಟ್ಟ ಆಗ್ತದೆ!"

ಅಂಗಳದಲ್ಲಿ ನಿಲ್ಲಿಸಿದ್ದ ಜೀಪಿನ ಪಕ್ಕದಿಂದ ಯಜ್ಞೇಶಯ್ಯ ಕೂಗಿದರು. ಗುಡ್ಡದ ಲಂಟಾನದ ಮುಳ್ಳಿನೊಳಗೆ ಸುಬ್ಬಿ ಮತ್ತಷ್ಟು ಆಚೆ ಸರಿದಳು. ಅವಳು ಎತ್ತಿ ಹಿಡಿದಿದ್ದ ಬಿದಿರುಕೋಲಿನ ತುದಿಗೆ ಒಂದು ಫೋನು, ಅದರ ಬೆನ್ನಿಗೆ ಬೆಂಕಿಪೊಟ್ಟಣದಷ್ಟಿನ ಜಿಪಿಎಸ್ ರಿಸೀವರ್. ಬೇಗಾರು ಊರಿನ ಈ ಮರಗಳಡಿ ಬರೀ ಫೋನು ಜಾಗ ತಪ್ಪು ತೋರಿಸುತ್ತದೆಂದು ಯಜ್ಞೇಶಯ್ಯನ ಅಳಿಯ ಅವಿನಾಶ ಅದನ್ನು ತರಿಸಿ ಕಟ್ಟಿದ್ದ. ಅವಳು ನಡೆದಂತೆಲ್ಲ ಬಾನೆಟ್ಟಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ಕೆಂಪು ಗೆರೆ ಬೆಳೆಯುತ್ತಿತ್ತು.

ಸುತ್ತು ಮುಗಿಸಿ ಇಳಿದಾಗ ಇಂಬಳ ಕಚ್ಚಿದ ಕಾಲಿನಿಂದ ರಕ್ತ ಇಳಿಯುತ್ತಿತ್ತು.

"ಕೈಗೆ ಕೊಡ್ಬೇಡ. ಕಲ್ಲಿನ ಮೇಲಿಡು," ಎಂದರು ಯಜ್ಞೇಶಯ್ಯ.

ಇಟ್ಟಳು. ಮಾವ ನೋಡುತ್ತಿದ್ದಾರೆಂದು ಅವಿನಾಶ ಕೋಲಿಗೆಲ್ಲ ಸ್ಯಾನಿಟೈಸರ್ ಹಚ್ಚಿ ಒರೆಸಿದ.

ಸುಬ್ಬಿ ದೂರದಿಂದಲೇ ಪರದೆ ನೋಡಿದಳು. ಮೇಲಿನಿಂದ ತೆಗೆದ ಗುಡ್ಡದ ಚಿತ್ರ; ಹಸಿರಿನ ನಡುವೆ ಒಂದು ನೀಲಿ ಚುಕ್ಕೆ.

"ಅದು ನಮ್ಮನೆ ಶೀಟಲ್ವಾ ಅಯ್ಯಾ? ಗೆರೆ ಒಳಗೆ ಬಂದದಲ್ಲ?"

"ಮತ್ತೆಂತ? ನಮ್ ಜಾಗ ಅದು. ನೀನೇ ನಡೆದು ತೋರ್ಸಿದ್ದೀಯಲ್ಲ. ನಾಳೆ ಈ ನಕ್ಷೆ ತಾಲ್ಲೂಕಾಫೀಸಿಗೆ ಕೊಡ್ತೇನೆ. ಮಳೆ ಹಿಡಿಯೋದ್ರೊಳಗೆ ಜೋಪಡಿ ಕಿತ್ಕೊಂಡು ಹೋಗಿ."

"ಅತ್ತೆ ಹಾಸಿಗೆ ಹಿಡಿದವ್ಳೆ ಅಯ್ಯಾ. ನನ್ ಗಂಡನ್ನ ಅಲ್ಲೇ ಹುಗಿದಿರದು."

"ಅವನನ್ನ ಕಿತ್ಕೊಂಡು ಹೋಗು ಅಂದ್ನಾ? ಇರ್ಲಿ ಬಿಡು. ಕಾಫಿ ಗಿಡಕ್ಕೆ ಗೊಬ್ಬರ ಆಗ್ತಾನೆ."

ಜೀಪಿನ ಡ್ರೈವರ್ ನಕ್ಕ. ಅವಿನಾಶ ತಲೆ ತಗ್ಗಿಸಿದ.

ಸುಬ್ಬಿ ಕೋಲಿನತ್ತ ಕೈ ತೋರಿಸಿ ಕೇಳಿದಳು, "ಇದನ್ನ ಹಿಡ್ಕಂಡು ನಾನು ನಡೆದಲ್ಲೆಲ್ಲ ನಿಮ್ದಾಗ್ತದಾ?"

ಅವಳು ಅವಿನಾಶನ ಕೈಯಿಂದ ಕೋಲು ಕಿತ್ತುಕೊಂಡು ಯಜ್ಞೇಶಯ್ಯನ ಮನೆಯ ಕಡೆ ನಡೆದಳು.

"ಏ ರಂಡೆ! ಮೆಟ್ಟಿಲು ಹತ್ಬೇಡ! ಹಿಡೀರೋ ಅವಳನ್ನ!"

ಹಿಡಿಯಲು ಓಡಿದ ಡ್ರೈವರ್ ಮೆಟ್ಟಿಲ ಬಳಿ ತಾನೇ ನಿಂತುಬಿಟ್ಟ. ಅವನಿಗೂ ಅಲ್ಲಿಂದ ಮುಂದೆ ಹೋಗಿ ಗೊತ್ತಿರಲಿಲ್ಲ. ಸುಬ್ಬಿ ಜಗಲಿ ದಾಟಿದಳು. ನಡುಮನೆ ದಾಟಿದಳು. ಸಾರಿಸಿದ ನೆಲದ ಮೇಲೆ ಅವಳ ಹೆಜ್ಜೆ ಕೆಂಪಾಗಿ ಮೂಡುತ್ತ ಹೋಯಿತು. ಅಡುಗೆಮನೆಯಲ್ಲಿ ಯಜ್ಞೇಶಯ್ಯನ ಹೆಂಡತಿ ತುಂಗಮ್ಮ ಸೌಟು ಹಿಡಿದವರು ಹಾಗೇ ಗೋಡೆಗೆ ಒರಗಿದರು.

ಅಂಗಳದಲ್ಲಿ ಅವಿನಾಶ, "ಮಾವ, ಗೆರೆ ಮನೆಯೊಳಗೆ ಬಂತು," ಎಂದ. ಯಜ್ಞೇಶಯ್ಯ ಆಗಲೇ ಸೌದೆಯೊಂದನ್ನು ಎತ್ತಿಕೊಂಡು ಒಳಗೆ ನುಗ್ಗಿದ್ದರು.

ಅವರು ಬಾಗಿಲಲ್ಲಿ ಕಾಣಿಸಿಕೊಂಡರೂ ಸುಬ್ಬಿ ಏಳಲಿಲ್ಲ. ಒಲೆಯ ಪಕ್ಕ ಕಾಲು ಚಾಚಿ ಕೂತಿದ್ದಳು.

"ತುಂಗಮ್ಮಾ," ಎಂದಳು, "ಒಂದು ಚಾಪೆ ಹಾಸಿಡಿ. ಅತ್ತೇನ ಕರ್ಕಂಬತ್ತೀನಿ."