ಎಡಗಡೆಯ ಸವೆತ

"ಹೇಗಿದೆ ಅಕ್ಕ?" ಎಂದು ನಟ್ಟಪ್ಪ ಪುಟ್ಟ ಟ್ರ್ಯಾಕ್ಟರಿನ ಮೇಲಿಂದಲೇ ಕೂಗಿದ. ಕೂಗುವ ಅಗತ್ಯವೇನೂ ಇರಲಿಲ್ಲ. ಎಂಜಿನ್ನು ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಡುತ್ತಿತ್ತು, ಪಕ್ಕದಲ್ಲಿ ನಿಂತು ಪಿಸುಮಾತಾಡಿದರೂ ಕೇಳಿಸುತ್ತಿತ್ತು. ಹಿತ್ತಲನ್ನು ಒಂದು ಸುತ್ತು ಹಾಕಿ, ದೂರದ ಗೋಡೆಯ ಹತ್ತಿರ ಎಡಕ್ಕೆ ತಿರುಗಿ, ದೊಡ್ಡ ಮರವನ್ನು ಬಳಸಿಕೊಂಡು ಅವನು ಹಿಂಬಾಗಿಲ ಮುಂದೆ ಬಂದು ನಿಂತಿದ್ದ. ಹೊಸ ಕೆಂಪು ಬಣ್ಣ ಎಷ್ಟು ನುಣುಪಾಗಿತ್ತೆಂದರೆ ಬಾನೆಟ್ಟಿನೊಳಗೆ ಮೋಡಗಳು ಹೋಗುತ್ತಿದ್ದುದು ಕಾಣುತ್ತಿತ್ತು.

ಅಕ್ಕ ಬಾಗಿಲಲ್ಲಿ ನಿಂತು ಒದ್ದೆ ಕೈ ಒರೆಸಿಕೊಳ್ಳುತ್ತಿದ್ದಳು. ಕೈ ಒಣಗಿದ ಮೇಲೂ ಒರೆಸುತ್ತಲೇ ಇದ್ದಳು. ತಲೆಯನ್ನು ತುಸು ವಾಲಿಸಿ, ಪಕ್ಕದ ಕೋಣೆಯಲ್ಲಿ ಯಾರೋ ಕರೆದರೇ ಎಂದು ಕಿವಿಗೊಟ್ಟವಳ ಹಾಗೆ ನಿಂತಿದ್ದಳು.

"ಚೆನ್ನಾಗಿದೆ ಕಣೋ" ಎಂದಳು ಕೊನೆಗೆ. "ಹೊಸದರ ಹಾಗಿದೆ. ಒಂದು ಕೆಲಸ ಮಾಡು, ಇದನ್ನೂ ನಿನ್ನ ಶೆಡ್ಡಲ್ಲೇ ಇಟ್ಕೋ. ಬೇರೆಯವು ಇದಾವಲ್ಲ, ಜೊತೆಯಾಗುತ್ತೆ."

"ಮತ್ತೆ ಇಲ್ಲಿ ಹುಲ್ಲು ಕತ್ತರಿಸೋದು?"

"ಹುಲ್ಲು ಯಾರಿಗೆ ಬೇಕು? ಮುಂದಿನ ತಿಂಗಳು ಪೂರ್ತಿ ಜಲ್ಲಿ ಹಾಸಿಸಿಬಿಡ್ತೀನಿ. ಒಬ್ಬಳಿಗೆ ಇಷ್ಟು ದೊಡ್ಡ ಹಿತ್ತಲು ಇಟ್ಕೊಂಡು ಏನು ಮಾಡ್ಲಿ."

ಅವಳು ಒಳಗೆ ಹೋದಳು. ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದ ಸದ್ದಾಯಿತು. ಹಿತ್ತಲ ಕಡೆಗಿದ್ದ ಅಡುಗೆಮನೆಯ ಕಿಟಕಿ ಮುಚ್ಚಿತ್ತು. ಭಾವ ತೀರಿಕೊಂಡ ದಿನದಿಂದ ಮುಚ್ಚಿಯೇ ಇತ್ತು. ಕೇಳಿದರೆ ಧೂಳು ಬರುತ್ತೆ ಎನ್ನುತ್ತಿದ್ದಳು. ನಟ್ಟಪ್ಪ ಎಂಜಿನ್ನು ಆರಿಸಿ, ಟ್ರ್ಯಾಕ್ಟರನ್ನು ಮತ್ತೆ ಟ್ರೇಲರಿಗೆ ಹತ್ತಿಸಿ, ಹಗ್ಗ ಬಿಗಿದು ಮನೆಗೆ ಹೊರಟ. ದಾರಿಯುದ್ದಕ್ಕೂ ಅವನಿಗೆ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿ ಬರೆದೂ ಫೇಲಾದ ಹುಡುಗನ ಸಂಕಟ.

ನಟ್ಟಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಭಾವ ಇಟ್ಟದ್ದು. ಅಕ್ಕನ ಮದುವೆಯಾದ ಹೊಸತರಲ್ಲಿ ಇವನು ಭಾವನ ಅಲಾರಂ ಗಡಿಯಾರವನ್ನು ಬಿಚ್ಚಿ, ಮತ್ತೆ ಜೋಡಿಸಿ, ಕೊನೆಗೆ ಮಿಕ್ಕಿದ ಒಂದು ಪುಟ್ಟ ನಟ್ಟನ್ನು ಅಂಗೈಯಲ್ಲಿಟ್ಟುಕೊಂಡು ಪೆಚ್ಚಾಗಿ ನಿಂತಿದ್ದ. ಗಡಿಯಾರ ಆಮೇಲೂ ಓಡಿತು. ಹೆಸರು ಅದಕ್ಕಿಂತ ಹೆಚ್ಚು ಕಾಲ ಓಡಿತು. ಈಗ ಅವನು ಗಾಜು ಉಜ್ಜುವ ಕನ್ನಡಕದ ಅಂಗಡಿಗೆ ಬರುವ ಗಿರಾಕಿಗಳೂ ಅವನನ್ನು ಹಾಗೆಯೇ ಕರೆಯುತ್ತಾರೆ.

ಹುಟ್ಟುಗುಣ ಸುಟ್ಟರೂ ಹೋಗದು. ವಾರವಿಡೀ ಗಾಜು ಉಜ್ಜಿ, ರಜೆಯ ದಿನ ಅವನು ಮನೆಯ ಹಿಂದಿನ ಶೆಡ್ಡು ಸೇರುತ್ತಿದ್ದ. ಅಲ್ಲಿದ್ದವು ಹೊಲ ಉಳುವ ದೊಡ್ಡ ಟ್ರ್ಯಾಕ್ಟರುಗಳಲ್ಲ. ಮನೆಯ ಹಿತ್ತಲಲ್ಲಿ ಹುಲ್ಲು ಕತ್ತರಿಸಲು, ಮಣ್ಣಿನ ಗಾಡಿ ಎಳೆಯಲು ಒಂದು ಕಾಲದಲ್ಲಿ ಜನ ಇಟ್ಟುಕೊಳ್ಳುತ್ತಿದ್ದ ಪುಟಾಣಿಗಳು. ದೊಡ್ಡವರು ಹತ್ತಿ ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತಿತ್ತು. ಈಗ ಅವನ್ನು ಮಾಡುವವರಿಲ್ಲ, ಬಿಡಿಭಾಗ ಸಿಗುವುದಿಲ್ಲ. ಯಾರದೋ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಬಿದ್ದದ್ದನ್ನು ಬೇಡಿ ತಂದು, ತಿಂಗಳುಗಟ್ಟಲೆ ಸೀಮೆಎಣ್ಣೆಯಲ್ಲಿ ನೆನೆಸಿ, ಉಜ್ಜಿ, ಇಲ್ಲದ ಭಾಗವನ್ನು ಕೈಯಾರೆ ಕಡೆದು, ಒಂದು ದಿನ ಅದು ಕೆಮ್ಮಿ ಉಸಿರಾಡಿದಾಗ ನಟ್ಟಪ್ಪನ ಕಣ್ಣು ತುಂಬುತ್ತಿತ್ತು. "ಹೆತ್ತವರಿಗೆ ಹೆಗ್ಗಣ ಮುದ್ದು" ಎಂದು ಅವನ ಹೆಂಡತಿ ನಗುತ್ತಿದ್ದಳು. ನಕ್ಕರೂ ಶೆಡ್ಡಿಗೇ ಕಾಫಿ ತಂದುಕೊಡುತ್ತಿದ್ದಳು.

ಭಾವನ ಈ ಕೆಂಪು ಟ್ರ್ಯಾಕ್ಟರನ್ನು ಮಾತ್ರ ಭಾವ ಮುಟ್ಟಗೊಡುತ್ತಿರಲಿಲ್ಲ. ಅದಕ್ಕೊಂದು ಚಾಳಿಯಿತ್ತು. ಗೋಡೆಯ ಹತ್ತಿರ ತಿರುಗುವಾಗಲೆಲ್ಲ ಹಿಂದಿನ ಚಕ್ರದಿಂದ "ಟೊಕ್, ಟೊಕ್" ಎಂದು ಸದ್ದು ಬರುತ್ತಿತ್ತು. ಬೇರೆಲ್ಲೂ ಇಲ್ಲ, ಅಲ್ಲಿ ಮಾತ್ರ. ಅಕ್ಕನ ಮನೆಗೆ ಊಟಕ್ಕೆ ಹೋದಾಗ ಆ ಸದ್ದು ಕೇಳಿ ನಟ್ಟಪ್ಪನಿಗೆ ತುತ್ತು ಇಳಿಯುತ್ತಿರಲಿಲ್ಲ.

"ಒಂದೇ ಒಂದು ಸಲ ಬಿಚ್ಚಿ ನೋಡ್ತೀನಿ ಭಾವ" ಎಂದು ಬೇಡಿಕೊಂಡಿದ್ದ.

"ಓಡ್ತಿರೋದನ್ನ ಬಿಚ್ಚಬಾರದು ನಟ್ಟಪ್ಪ. ನನ್ನ ಮಂಡಿನೂ ಹಂಗೇ ಟೊಕ್ ಅನ್ನುತ್ತೆ. ಅದನ್ನೂ ಬಿಚ್ತೀಯೇನು?"

ಭಾವ ಹೋದ ಮೇಲೆ ಟ್ರ್ಯಾಕ್ಟರು ಮರದ ಕೆಳಗೆ ನಿಂತೇ ಇತ್ತು. ಪೆಟ್ರೋಲು ಒಣಗಿ ಅಂಟಾಗಿ, ಎಂಜಿನ್ನು ಹತ್ತುತ್ತಿರಲಿಲ್ಲ. "ಒಂದ್ಸಲ ಓಡೋ ಹಾಗೆ ಮಾಡಿಕೊಡೋ" ಎಂದಿದ್ದಳು ಅಕ್ಕ. ಕಾರ್ಬುರೇಟರ್ ತೊಳೆದಿದ್ದರೆ ಆಗಿಹೋಗುವ ಕೆಲಸ. ನಟ್ಟಪ್ಪ ಅಷ್ಟಕ್ಕೆ ನಿಲ್ಲಲಿಲ್ಲ. ಕೊನೆಯ ತಿರುಪಿನ ತನಕ ಬಿಚ್ಚಿದ. ಭಾವ ಅವನಿಗೆ ಸೈಕಲ್ಲು ಕಲಿಸಿದವರು, ಅಂಗಡಿಯ ಕೆಲಸ ಕೊಡಿಸಿದವರು. ಅವರು ಇದ್ದಾಗ ಒಂದು ಒಳ್ಳೆಯ ಮಾತನ್ನೂ ಅವನು ಬಾಯಿಬಿಟ್ಟು ಆಡಿರಲಿಲ್ಲ. ಆಡಬೇಕಾಗಿದ್ದುದನ್ನೆಲ್ಲ ಅವನು ಆ ಕಬ್ಬಿಣಕ್ಕೆ ಉಜ್ಜಿದ.

ಬಿಚ್ಚಿದಾಗ ಸದ್ದಿನ ಮೂಲ ಸಿಕ್ಕಿತು. ಹಿಂದಿನ ಚಕ್ರಗಳ ಆಕ್ಸಲ್ಲು ಎರಡು ಹಿತ್ತಾಳೆಯ ಬುಷ್ಷುಗಳಲ್ಲಿ, ಅಂದರೆ ಬಳೆಯಂಥ ಎರಡು ತುಂಡುಗಳಲ್ಲಿ, ತಿರುಗುತ್ತದೆ. ಬಲಗಡೆಯದು ಹೊಸದರ ಹಾಗೆ ಗುಂಡಗಿತ್ತು. ಎಡಗಡೆಯದು ಸವೆದು ಮೊಟ್ಟೆಯಾಕಾರವಾಗಿತ್ತು. ಸೀಟಿನ ತಗಡೂ ಎಡಕ್ಕೇ ತಗ್ಗಿತ್ತು. ನಟ್ಟಪ್ಪ ಬಹಳ ಹೊತ್ತು ಆ ಬುಷ್ಷನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಹಿತ್ತಲು ಸಪಾಟು. ಒಂದೇ ಕಡೆಗೆ ತಿರುಗಿದರೂ ಲೋಹ ಇಷ್ಟು ಸವೆಯುವುದಿಲ್ಲ. ವರ್ಷಾನುಗಟ್ಟಲೆ ಯಾರೋ ಆ ಪಕ್ಕಕ್ಕೇ ಭಾರ ಹಾಕಿರಬೇಕು. "ಭಾವನಿಗೆ ನೆಟ್ಟಗೆ ಕೂರೋಕೂ ಬರ್ತಿರ್ಲಿಲ್ಲ" ಎಂದು ಹೆಂಡತಿಗೆ ಹೇಳಿ ನಕ್ಕು, ಸೀಟನ್ನು ಸುತ್ತಿಗೆಯಿಂದ ಬಡಿದು ಸಮ ಮಾಡಿದ. ಲೇತಿನಲ್ಲಿ ಹೊಸ ಬುಷ್ಷು ಕಡೆದು ಕೂರಿಸಿದ. ಹಳೆಯದು ಡಬ್ಬಿ ಸೇರಿತು. ಈ ಹುಚ್ಚಿರುವವರಲ್ಲಿ ಒಂದು ರೂಢಿಯಿದೆ: ಯಂತ್ರ ಒಂದು ವರ್ಷ ಸರಿಯಾಗಿ ಓಡುವ ತನಕ ಅದರಿಂದ ತೆಗೆದ ಮುರುಕು ತಿರುಪನ್ನೂ ಎಸೆಯುವುದಿಲ್ಲ.

ಅಕ್ಕನ ಮನೆಯಿಂದ ಟ್ರ್ಯಾಕ್ಟರು ಹಿಂದೆ ಬಂದ ಮರುದಿನ ಹೆಂಡತಿ ಕಾಫಿ ತಂದವಳು ಲೋಟ ಕೊಟ್ಟು ಅಲ್ಲೇ ನಿಂತಳು.

"ನಿಮ್ಮಕ್ಕ ಫೋನ್ ಮಾಡಿದ್ರು. ನೀವು ಬೇಜಾರು ಮಾಡ್ಕೋಬಾರದಂತೆ."

"ಏನು ಕಮ್ಮಿಯಾಗಿದೆಯಂತೆ ಅದರಲ್ಲಿ?"

"ಕಮ್ಮಿ ಏನಿಲ್ವಂತೆ. ಗೋಡೆ ಹತ್ರ ಟೊಕ್ ಅನ್ನಲಿಲ್ವಂತೆ. ಬೇರೆ ಯಾರೋ ಹಿತ್ತಲಿಗೆ ಬಂದ ಹಾಗಾಯ್ತು, ಅದನ್ನ ನೋಡೋಕಾಗ್ಲಿಲ್ಲ ಅಂದ್ರು. ಅಳ್ತಿದ್ರು ಅನ್ಸುತ್ತೆ."

"ಆ ಟೊಕ್ ತೆಗೆಯೋಕೇ ಅಲ್ವೇನೇ ನಾನು ಇಷ್ಟು ಒದ್ದಾಡಿದ್ದು?"

"ಅದನ್ನೇ ನಾನೂ ಹೇಳ್ತಿರೋದು. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ದೀರಿ." ಅವಳು ಬಾನೆಟ್ಟಿನ ಮೇಲೆ ಕೈಯಾಡಿಸಿದಳು. "ಚೆನ್ನಾಗೇನೋ ಮಾಡಿದ್ದೀರಿ" ಎಂದು ಸೇರಿಸಿದಳು.

ಅವಳು ಹೋದಮೇಲೆ ನಟ್ಟಪ್ಪ ಹರಕು ಈಜಿಚೇರಿನಲ್ಲಿ ಒರಗಿದ. ಮಧ್ಯಾಹ್ನದ ಬಿಸಿಲು ತಗಡಿನ ಸಂದಿಯಿಂದ ಕೋಲು ಕೋಲಾಗಿ ಇಳಿದು, ಅದರೊಳಗೆ ಧೂಳಿನ ಕಣಗಳು ಯಾವ ಅವಸರವೂ ಇಲ್ಲದೆ ಮೇಲೆ ಕೆಳಗೆ ತೇಲುತ್ತಿದ್ದವು. ಸೀಮೆಎಣ್ಣೆಯ ವಾಸನೆ ಅವನಿಗೆ ಯಾವತ್ತೂ ನಿದ್ದೆ ತರಿಸುತ್ತಿತ್ತು. ರೆಪ್ಪೆ ಕೂಡಿದ್ದೇ ತಡ, ಹಳೆಯ ಮಾಸಲು ಕೆಂಪಿನ ಟ್ರ್ಯಾಕ್ಟರು ಯಾರೂ ಕೂರದೆ ತನ್ನಷ್ಟಕ್ಕೆ ತಾನೇ ಹಿತ್ತಲು ಸುತ್ತುತ್ತಿತ್ತು. ಹುಲ್ಲು ನೀರಿನಂತೆ ಬಳುಕಿ ಅದಕ್ಕೆ ದಾರಿ ಬಿಡುತ್ತಿತ್ತು. ಗೋಡೆ ಬಂತು, ತಿರುವು ಬಂತು, ಅವನು ಆ ಸದ್ದಿಗಾಗಿ ಉಸಿರು ಹಿಡಿದು ಕಾದ. ಸದ್ದು ಬರಲಿಲ್ಲ. ಟ್ರ್ಯಾಕ್ಟರು ಮರದ ಹಿಂದೆ ಹೋದದ್ದು ಆಚೆ ಕಡೆಯಿಂದ ಹೊರಬರಲೂ ಇಲ್ಲ. ಎಚ್ಚರವಾದಾಗ ಅವನ ಕತ್ತು ಬೆವರಿತ್ತು, ಬಿಸಿಲಿನ ಕೋಲುಗಳು ಎದುರು ಗೋಡೆಗೆ ಹೋಗಿದ್ದವು.

ಅವನು ಎದ್ದು ಡಬ್ಬಿ ತೆಗೆದ. ಒಳ್ಳೆಯದನ್ನು ಕಳಚಿ ಕೆಟ್ಟದ್ದನ್ನು ಕೂರಿಸುವುದು ಅವನ ಕೈಗೆ ಗೊತ್ತಿಲ್ಲದ ಕೆಲಸ. ಹೊಸ ಬುಷ್ಷನ್ನು ಹೊರಗೆ ಎಳೆಯುವಾಗ ಚೆನ್ನಾಗಿರುವ ಹಲ್ಲನ್ನು ಕಿತ್ತ ಹಾಗಾಯಿತು. ಮೊಟ್ಟೆಯಾಕಾರದ ಹಳೆಯದನ್ನು, ಮೊದಲು ಹೇಗಿತ್ತೋ ಹಾಗೇ, ಸವೆದ ಬದಿ ಮೇಲೆ ಬರುವಂತೆ ಕೂರಿಸಿದ. ಸೀಟನ್ನೂ ಮೊದಲಿನಂತೆ ತಗ್ಗಿಸಲು ನೋಡಿದ. ಆಗಲಿಲ್ಲ. ಅಷ್ಟು ವರ್ಷ ಒಬ್ಬ ಮನುಷ್ಯ ಕೂತು ಮಾಡಿದ ತಗ್ಗನ್ನು ಸುತ್ತಿಗೆ ಒಂದು ಮಧ್ಯಾಹ್ನದಲ್ಲಿ ಅಳಿಸಿತ್ತು, ಮತ್ತೆ ಮಾಡಿಕೊಡಲು ಅದಕ್ಕೆ ಬರಲಿಲ್ಲ. ನಟ್ಟಪ್ಪನಿಗೆ ತನ್ನ ಕೈಯ ಮೇಲೆಯೇ ಸಿಟ್ಟು ಬಂತು.

ಮುಂದಿನ ರಜೆಯ ದಿನ ಅವನು ಟ್ರ್ಯಾಕ್ಟರನ್ನು ಅಕ್ಕನ ಹಿತ್ತಲಲ್ಲಿ ಇಳಿಸಿದ. ಅಕ್ಕ ಬಾಗಿಲಿಗೆ ಬಂದು ನೋಡಿದಳು.

"ಮತ್ತೆ ಯಾಕೋ ತಂದೆ?"

"ಹುಲ್ಲು ಮೊಣಕಾಲುದ್ದ ಬಂದಿದೆ. ಜಲ್ಲಿ ಹಾಕೋರಾದ್ರೂ ಹೇಗೆ ಹಾಕ್ತಾರೆ? ಕೊನೇ ಸಲ ಕತ್ತರಿಸಿಕೊಟ್ಟು ಹೋಗ್ತೀನಿ."

"ನಿನ್ನಿಷ್ಟ. ನಂಗೆ ಒಳಗೆ ಕೆಲಸ ಇದೆ."

ಬಾಗಿಲು ಮುಚ್ಚಿತು. ಕಿಟಕಿ ಹೇಗೂ ಮುಚ್ಚಿತ್ತು.

ಬೆಳಗಿನ ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಕತ್ತರಿಸಿದ ಹುಲ್ಲಿನ ಹಸಿ ವಾಸನೆ ಏಳತೊಡಗಿತು. ನಟ್ಟಪ್ಪ ಗೋಡೆಯ ತನಕ ಹೋಗಿ, ಕಿವಿ ನಿಮಿರಿಸಿ, ಎಡಕ್ಕೆ ತಿರುಗಿದ. ಚಕ್ರ ಮಾತಾಡಲಿಲ್ಲ. ಮರ ಬಳಸಿ ಬಂದ. ಇನ್ನೊಂದು ಸುತ್ತು ಹೋದ. ನಿಧಾನಕ್ಕೆ ತಿರುಗಿಸಿದ, ಆಮೇಲಿನ ಸುತ್ತಿನಲ್ಲಿ ಜೋರಾಗಿ ತಿರುಗಿಸಿದ. ಏನೂ ಇಲ್ಲ. ಬುಷ್ಷು ಅದೇ, ಚಕ್ರ ಅದೇ, ಗೋಡೆ ಅದೇ. ಎಂಜಿನ್ನಿನ ಗುರುಗುರು ಬಿಟ್ಟರೆ ಹಿತ್ತಲು ಸ್ತಬ್ಧವಾಗಿತ್ತು, ಹೋದವರು ಹೋದರು ಎಂದು ಅದೂ ಒಪ್ಪಿಕೊಂಡುಬಿಟ್ಟಂತಿತ್ತು. ಅವನಿಗೆ ಅಳು ಬರುವಂತಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಹುಲ್ಲು ಮುಗಿಯುತ್ತದೆ. ಆಮೇಲೆ ಇಲ್ಲಿಗೆ ಬರಲು ಯಾವ ನೆಪವೂ ಇಲ್ಲ, ಜಲ್ಲಿಯ ಮೇಲೆ ಟ್ರ್ಯಾಕ್ಟರಿಗೆ ಕೆಲಸವೂ ಇಲ್ಲ.

ಗೋಡೆಯ ಹತ್ತಿರ ಮತ್ತೆ ಬಂದಾಗ ಅವನಿಗೆ ಆ ಸೀಟಿನ ತಗ್ಗು ನೆನಪಾಯಿತು. ಭಾವ ಕೂರುತ್ತಿದ್ದ ರೀತಿ ಕಣ್ಣಿಗೆ ಕಟ್ಟಿತು. ಗಾಡಿಯಿಂದ ಅರ್ಧ ಜಾರಿದ ಮೂಟೆಯಂತೆ ಆ ಭಾರಿ ಮೈ ಎಡಕ್ಕೆ ವಾಲಿರುತ್ತಿತ್ತು, ಕತ್ತು ಇನ್ನೂ ಅತ್ತ ಚಾಚಿರುತ್ತಿತ್ತು. ನಟ್ಟಪ್ಪ ಬಲಗೈಯಲ್ಲಿ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು, ಬೀಳುತ್ತೇನೇನೋ ಎಂಬಷ್ಟು ಎಡಕ್ಕೆ ಬಾಗಿ, ತಿರುಗಿಸಿದ.

ಟೊಕ್, ಎಂದಿತು ಚಕ್ರ. ಟೊಕ್, ಟೊಕ್.

ಅವನು ನಗಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ತಾನು ನೋಡುತ್ತಿರುವುದು ಏನೆಂದು ಅವನಿಗೆ ತಿಳಿಯಿತು. ನೆಟ್ಟಗೆ ಕೂತರೆ ಅಲ್ಲಿಂದ ಮನೆ ಕಾಣುವುದಿಲ್ಲ, ಮರದ ಬೊಡ್ಡೆ ಅಡ್ಡ. ಹೀಗೆ ಬಾಗಿದವನಿಗೆ ಮಾತ್ರ ಬೊಡ್ಡೆಯ ಪಕ್ಕದ ಸಂದಿಯಲ್ಲಿ, ಚೌಕಟ್ಟು ಹಾಕಿಸಿದ ಪಟದಂತೆ, ಒಂದು ಕಿಟಕಿ ಕಾಣುತ್ತದೆ. ಅಡುಗೆಮನೆಯ ಕಿಟಕಿ.

ಸಂದಿ ದಾಟಿತು. ನಟ್ಟಪ್ಪ ನೇರವಾದ, ಸದ್ದು ನಿಂತಿತು. ಮರ ಬಳಸಿ, ಬಾಗಿಲ ಮುಂದೆ ಹಾದು, ಹುಲ್ಲು ಕತ್ತರಿಸಿಯಾಗಿದ್ದ ಜಾಗದಲ್ಲೇ ಮತ್ತೆ ಗೋಡೆಯ ಕಡೆಗೆ ಹೊರಟ. ಬಿಸಿಲು ಏರಿ, ಮಂಜು ನೆಲದಿಂದ ಎದ್ದು ಹೋಗುತ್ತಿತ್ತು, ಟ್ರ್ಯಾಕ್ಟರು ಅದರೊಳಗೆ ತೇಲಿದಂತೆ ಸಾಗಿತು. ಗೋಡೆ ಬಂದಾಗ ಅವನು ಬಾಗಿದ.

ಟೊಕ್. ಟೊಕ್.

ಕಿಟಕಿಯ ಎರಡೂ ಬಾಗಿಲು ತೆರೆದಿದ್ದವು. ಒಳಗೆ ಅಕ್ಕ, ಮುಂಗೈ ತನಕ ಸೋಪಿನ ನೊರೆ, ಪಾತ್ರೆಯ ಮೇಲಿಂದ ಆಗತಾನೇ ತಲೆ ಎತ್ತಿದ್ದಳು. ಆ ಮುಖವನ್ನು ನಟ್ಟಪ್ಪ ಹಿಂದೆಂದೂ ನೋಡಿರಲಿಲ್ಲ. ಅದು ತಮ್ಮನಿಗೆ ತೋರಿಸುವ ಮುಖವಾಗಿರಲಿಲ್ಲ.

ಅವನು ಕಣ್ಣು ಕೆಳಗೆ ಮಾಡಿ ಹುಲ್ಲನ್ನು ನೋಡಿದ. ಮೈಯನ್ನು ಮಾತ್ರ ಎಡಕ್ಕೇ ಬಾಗಿಸಿ ಹಿಡಿದುಕೊಂಡು, ಗೋಡೆ ಮುಗಿಯುವ ತನಕ ನಿಧಾನವಾಗಿ ಓಡಿಸಿದ.